ಹನುಮಜ್ಜಿ ಪದಗಳ ಐನೂರ ಎಂಬತ್ತಾರು ಮಂದಿ

2025ರ ಜೂನ್ 16, ಸೋಮವಾರ. ಬೆಳಿಗ್ಗೆ 10.40ಕ್ಕೆ ತುಮಕೂರಿನ ಸೈಬರ್ ಠಾಣೆಗೆ ಬಂದ ದೂರನ್ನು ಓದಿ ಹೆಡ್ ಕಾನ್‌ಸ್ಟೇಬಲ್ ಅಣ್ಣಯ್ಯಪ್ಪನವರಿಗೆ ನಗು ತಡೆಯಲಾಗಲಿಲ್ಲ. ಸುಳ್ಳು ಯಾಕೆ ಹೇಳಬೇಕು, ಯಾರಿಗಾದರೂ ನಗು ಬರುವಂಥ ದೂರೇ ಅದು. ಜನ ಠಾಣೆಗೆ ಬರುವುದು ಏನೋ ಹೋಯಿತು ಅಂತ. ದುಡ್ಡು ಹೋಯಿತು, ಫೋನು ಹೋಯಿತು, ಮಾನ ಹೋಯಿತು. ಈ ಹುಡುಗಿ ಬಂದದ್ದು ಬೇಡದ್ದು ಬಂತು ಅಂತ. ಅವಳ ಪೇಜಿಗೆ ಎಲ್ಲಿಂದಲೋ ಐನೂರ ಎಂಬತ್ತಾರು ಜನ ಫಾಲೋವರ್ಸ್ ಬಂದು ಸೇರಿಕೊಂಡಿದ್ದರು.

"ನಮ್ಮ ಮಗ ಒಂದು ನೂರು ಜನ ಬರ್ಲಿ ಅಂತ ಹಲ್ಲುಗಿಂಜ್ತಾನೆ, ಈಯಮ್ಮ ಬಂದೋರ ಮೇಲೆ ಕೇಸ್ ಹಾಕಿ ಅಂತವ್ಳೆ" ಎಂದು ಅಣ್ಣಯ್ಯಪ್ಪ ಗೊಣಗಿಕೊಂಡೇ ದೂರಿನ ಹಾಳೆಯನ್ನು ಒಳಗೆ ತೆಗೆದುಕೊಂಡು ಹೋದರು.

ಇನ್‌ಸ್ಪೆಕ್ಟರ್ ವಾಣಿಶ್ರೀ ನಗಲಿಲ್ಲ. ಅವರು ದೂರನ್ನು ಎರಡು ಸಲ ಓದುವ ಜಾತಿ. ಹುಡುಗಿಯನ್ನು ಎದುರು ಕೂರಿಸಿಕೊಂಡರು. ಹೆಸರು ಮೋನಿಕಾ, ವಯಸ್ಸು ಇಪ್ಪತ್ಮೂರು, ಊರು ಗುಬ್ಬಿ, ಅಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಟೀಚರ್.

"ಮೊದಲು ಎಷ್ಟು ಜನ ಇದ್ರು?"

"ಮುನ್ನೂರ ಎಂಬತ್ತೆಂಟು, ಮೇಡಂ."

"ಈಗ?"

"ಒಂಬೈನೂರ ಎಪ್ಪತ್ನಾಲ್ಕು. ಬಂದೋರು ಒಬ್ರೂ ಪದ ಕೇಳಲ್ಲ. ಲೈಕಿಲ್ಲ, ಕಾಮೆಂಟಿಲ್ಲ. ಸುಮ್ನೆ ಬಂದು ಕೂತವ್ರೆ."

ಪೇಜಿನ ಹೆಸರು 'ಹನುಮಜ್ಜಿ ಪದಗಳು'. ಮೋನಿಕಾಳ ಅಜ್ಜಿ ಹನುಮಮ್ಮ ಗುಬ್ಬಿ ಸುತ್ತಮುತ್ತ ಐವತ್ತು ವರ್ಷ ಮದುವೆ ಮನೆಗಳಲ್ಲಿ ಸೋಬಾನೆ ಪದ ಹೇಳಿದವರು. ಎರಡು ವರ್ಷದಲ್ಲಿ ಮೊಮ್ಮಗಳು ನೂರ ನಲವತ್ತೆರಡು ಪದಗಳನ್ನು ಹಾಡು ಹಂಚಿಕೊಳ್ಳುವ ಒಂದು ಆ್ಯಪಿನಲ್ಲೇ ನೇರವಾಗಿ ರೆಕಾರ್ಡ್ ಮಾಡಿ ಹಾಕಿದ್ದಳು. ಫೋನಿನಲ್ಲಿ ಜಾಗ ಸಾಲದು ಅಂತ ಹಾಕಿದ ಹಾಗೇ ಅಳಿಸಿಯೂ ಬಿಟ್ಟಿದ್ದಳು. ಈಗ ಆ್ಯಪಿನವರು ಭಾನುವಾರ ಸಂಜೆ ಐದಕ್ಕೆ ನೋಟಿಸ್ ಕಳಿಸಿದ್ದರು. ನಿಮ್ಮ ಫಾಲೋವರ್ಸ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ನಕಲಿ, ನೀವೇ ಸೇರಿಸಿಕೊಂಡಿದ್ದೀರಿ, ಪೇಜ್ ಮುಚ್ಚಿದ್ದೇವೆ. ನಿಮ್ಮ ಕೈವಾಡ ಇಲ್ಲ ಅನ್ನುವುದಕ್ಕೆ ಎಪ್ಪತ್ತೆರಡು ಗಂಟೆಯೊಳಗೆ ಪುರಾವೆ ಕೊಡಿ, ಇಲ್ಲದಿದ್ದರೆ ಎಲ್ಲವೂ ಶಾಶ್ವತವಾಗಿ ಅಳಿಯುತ್ತದೆ.

"ಹೋದ್ರೆ ಅಜ್ಜಿ ಕೈಲಿ ಮತ್ತೆ ಹಾಡಿಸ್ಬೋದಲ್ವಾ?" ಎಂದು ವಾಣಿಶ್ರೀ ಕೇಳಿದರು.

ಮೋನಿಕಾ ಇಲ್ಲವೆಂದು ತಲೆಯಾಡಿಸಿದಳು. "ಜನವರೀಲಿ ಗಂಟ್ಲು ಆಪರೇಷನ್ ಆಯ್ತು ಮೇಡಂ. ಈಗ ಮಾತೂ ಬರಲ್ಲ."

ಬಾಗಿಲ ಬಳಿ ನಿಂತಿದ್ದ ಅಣ್ಣಯ್ಯಪ್ಪನವರ ನಗು ಅಲ್ಲಿಗೆ ಇಳಿದುಹೋಯಿತು. ಗಡುವು ಬುಧವಾರ ಸಂಜೆ ಐದು ಗಂಟೆ. ಅಷ್ಟರೊಳಗೆ ಈ ಕೆಲಸ ಬೇರೆಯವರದು ಎಂದು ಪೊಲೀಸರೇ ಬರೆದುಕೊಡಬೇಕು, ಬರೆದುಕೊಡಬೇಕಾದರೆ ಆ ಬೇರೆಯವರು ಸಿಗಬೇಕು. 12.15ಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಗುರುತು ಕಳವಿನ ಕಲಂ 66(ಸಿ) ಅಡಿ, ಅಪರಿಚಿತ ವ್ಯಕ್ತಿಯ ಮೇಲೆ ಎಫ್‌ಐಆರ್ ದಾಖಲಾಯಿತು. ಆ ಖಾತೆಗಳನ್ನು ತೆರೆದದ್ದು ಯಾವ ಫೋನಿನಿಂದ ಅಂತ ಕಂಪನಿಗೆ ಮೇಲ್ ಹೋಯಿತು. ಅದಕ್ಕೆ ಉತ್ತರ ಬರಲು ಮೂರು ವಾರ ಬೇಕು ಅನ್ನುವುದು ಠಾಣೆಯ ಕಸ ಗುಡಿಸುವವರಿಗೂ ಗೊತ್ತಿತ್ತು.

ಅಂದು ಮಧ್ಯಾಹ್ನವೇ ವಾಣಿಶ್ರೀ ಗುಬ್ಬಿಗೆ ಹೋದರು. ಹನುಮಮ್ಮ ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದರು, ಕುತ್ತಿಗೆಗೆ ಬಿಳಿ ಬಟ್ಟೆ. ಪೊಲೀಸರನ್ನು ಕಂಡು ಏಳಲು ಹೋದರು, ಇನ್‌ಸ್ಪೆಕ್ಟರೇ ಹಿಡಿದು ಕೂರಿಸಿದರು. ಪದಗಳಲ್ಲಿ ಉಳಿದದ್ದು ಅರ್ಧ ನಿಮಿಷದ ಒಂದು ತುಣುಕು ಮಾತ್ರ, ಯಾರೋ ಗೆಳತಿ ಸ್ಟೇಟಸ್ಸಿಗೆ ಹಾಕಿಕೊಂಡಿದ್ದದ್ದು. ಮೋನಿಕಾ ಅದನ್ನು ಹಾಕಿದಳು. ಎಂಥ ದನಿ ಅದು, ಎಪ್ಪತ್ತು ದಾಟಿದವರದು ಅಂದರೆ ನಂಬಬೇಕಲ್ಲ. ಹನುಮಮ್ಮ ಒಂದು ಸಾಲು ಮುಂದೆ ಹೇಳುತ್ತಾರೆ, ಹಿಂದಿನಿಂದ ಇನ್ನೊಂದು ದಪ್ಪ ದನಿ ಅದನ್ನೇ ಎತ್ತಿಕೊಂಡು ಸೊಲ್ಲು ಹಿಡಿಯುತ್ತದೆ. ವಾಣಿಶ್ರೀ ಫೋನಿನ ಕಡೆ ಬಗ್ಗಿದರು.

"ಹಿಂದೆ ಹೇಳೋರು ಯಾರು?"

"ಪಕ್ಕದ್ಮನೆ ಬೀಬಮ್ಮ. ಬೀಬಿಜಾನ್ ಅಂತ. ಅಜ್ಜಿಗೆ ಅವರೇ ಯಾವಾಗ್ಲೂ ಸೊಲ್ಲು."

ಇನ್‌ಸ್ಪೆಕ್ಟರ್ ಹೂಂ ಅಂದು ಮುಂದಿನ ಪ್ರಶ್ನೆಗೆ ಹೋದರು. ಯಾರ ಮೇಲಾದರೂ ಅನುಮಾನ ಇದೆಯೇ? ಇತ್ತು. ಮಾರ್ಚ್‌ನಲ್ಲಿ ಕುಣಿಗಲ್‌ನಿಂದ ರವಿಕಿರಣ್ ಅನ್ನುವವನು ಫೋನ್ ಮಾಡಿ, ಪೇಜಿಗೆ ಫಾಲೋವರ್ಸ್ ಹಾಕಿಕೊಡ್ತೀನಿ ಅಂದಿದ್ದ. ಬೇಡ ಅಂದದ್ದಕ್ಕೆ ನಿಮ್ಮ ಪೇಜು ಹೆಂಗ್ ಬೆಳೀತದೋ ನೋಡ್ತೀನಿ ಅಂತ ಮೂದಲಿಸಿದ್ದ. ಫಾಲೋವರ್ಸ್ ಏರುತ್ತಾ ಹೋದದ್ದು ಕಂಡು ಗಾಬರಿಯಾಗಿ ಮೋನಿಕಾ ಪಟ್ಟಿಯನ್ನೆಲ್ಲ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದಳು, ಅದೊಂದು ಪುಣ್ಯ. ಅವನ್ನು ವಾಣಿಶ್ರೀ ತಮ್ಮ ಫೋನಿಗೆ ಹಾಕಿಸಿಕೊಂಡರು.

ಜೂನ್ 17, ಮಂಗಳವಾರ, ಬೆಳಿಗ್ಗೆ 10.30. ಕುಣಿಗಲ್ ಬಸ್ ನಿಲ್ದಾಣದ ಹಿಂದೆ ರವಿಕಿರಣನ ಮೊಬೈಲ್ ರಿಪೇರಿ ಅಂಗಡಿ. ಮಫ್ತಿಯಲ್ಲಿದ್ದ ಅಣ್ಣಯ್ಯಪ್ಪ ಫೋನಿನ ಗ್ಲಾಸ್ ಹಾಕಿಸುವ ನೆಪದಲ್ಲಿ ಒಳಗೆ ಹೋದರು. ಮಫ್ತಿ ಹಾಕಿದರೇನು, ಬೂಟು ಸರ್ಕಾರದ್ದೇ. ರವಿಕಿರಣ್ ಕೆಳಗೆ ನೋಡಿದವನೇ ಹಿಂದಿನ ಬಾಗಿಲಿನಿಂದ ಕಿತ್ತ. ಕೆರೆ ಏರಿಯ ಕಡೆ ಅವನು ಮುಂದೆ, ಐವತ್ತೆರಡು ವರ್ಷದ ಅಣ್ಣಯ್ಯಪ್ಪ ಹಿಂದೆ. ತರಕಾರಿ ಮಾರುವವರೆಲ್ಲ ಎದ್ದು ನಿಂತರು. ಹಿಡಿದದ್ದು ಅಣ್ಣಯ್ಯಪ್ಪ ಅಂತ ವರದಿಯಲ್ಲಿದೆ. ನಿಜ ಏನೆಂದರೆ ಅವನ ಚಪ್ಪಲಿ ಕಿತ್ತುಹೋಗಿ ಅವನೇ ಬಿದ್ದ.

ವಾಣಿಶ್ರೀ ಜೀಪಿನಲ್ಲೇ ವಿಚಾರಣೆ ಶುರು ಮಾಡಿದರು. ಓಡಿದ್ದು ಯಾಕೆ ಅಂದರೆ ಹೆದರಿಕೆ ಅಂದ. ಫಾಲೋವರ್ಸ್ ಮಾರುವುದು ಹೌದು ಅಂದ. ಹನುಮಜ್ಜಿ ಪೇಜಿಗೆ ಹಾಕಿದ್ದು ನೀನೇನಾ ಅಂದದ್ದಕ್ಕೆ ದೇವರಾಣೆ ಇಲ್ಲ ಅಂದ. ಸ್ಕ್ರೀನ್‌ಶಾಟ್ ತೋರಿಸಿದರು. ಅವನು ಬೆರಳಿನಿಂದ ಮೇಲೆ ಕೆಳಗೆ ಸರಿಸಿ ನೋಡಿದ. ನೋಡುತ್ತಾ ನೋಡುತ್ತಾ ಅವನ ಹೆದರಿಕೆಯೆಲ್ಲ ಹೋಗಿ ಮುಖದ ಮೇಲೆ ಬೇರೆಯೇ ಒಂದು ಕುತೂಹಲ ಬಂತು.

"ಮೇಡಂ, ನಮ್ಮದು ಮೂಟೆ ಲೆಕ್ಕದ ಮಾಲು. ಯಾವ್ ದೇಶದ್ದೋ ಹೆಸ್ರು, ಯಾವ್ದೋ ಹುಡ್ಗಿ ಫೋಟೊ. ರಾತ್ರೋರಾತ್ರಿ ಹತ್ತು ಸಾವ್ರ ಸುರೀತೀವಿ. ಇದು ಹಂಗಲ್ಲ. ಇದನ್ನ ಯಾರೋ ಕೂತ್ಕೊಂಡು ಒಂದೊಂದಾಗಿ ಕೈಯಲ್ಲಿ ಮಾಡವ್ರೆ. ಯಾವ ವ್ಯಾಪಾರಸ್ತನೂ ಇಷ್ಟು ಕಷ್ಟ ಬೀಳಲ್ಲ."

ಕಳ್ಳನೇ ಇರಲಿ, ಕಸುಬು ಬಲ್ಲವನ ಮಾತು ಮಾತೇ. ಅವನ ಕಂಪ್ಯೂಟರಿನಲ್ಲಿಯೂ ಹನುಮಜ್ಜಿಯ ಸುಳಿವು ಸಿಗಲಿಲ್ಲ. ಅವನ ದಂಧೆಯ ಮೇಲೆ ಬೇರೆ ಕೇಸು ಬರೆದು ಕುಣಿಗಲ್ ಠಾಣೆಗೆ ಒಪ್ಪಿಸಿ ಹೊರಟರು. ಎರಡನೆಯ ದಿನವೂ ಮುಗಿಯುತ್ತಾ ಬಂದಿತ್ತು, ಕೈಯಲ್ಲಿ ಏನೂ ಇರಲಿಲ್ಲ.

ಹಿಂದಿನ ಸೀಟಿನಲ್ಲಿ ಅಣ್ಣಯ್ಯಪ್ಪ ಮಾತ್ರ ಸ್ಕ್ರೀನ್‌ಶಾಟ್‌ಗಳನ್ನು ನೋಡುತ್ತಲೇ ಇದ್ದರು. ಅಪ್ಪಾಜಿ ಬೆಳ್ಳಾವಿ 417. ನಾಗಭೂಷಣ್ ಕೋರಾ 88. ಲಕ್ಷ್ಮೀನರಸಿಂಹಯ್ಯ ಹೆಗ್ಗೆರೆ 203. ಹೆಸರು, ಊರು, ಒಂದು ನಂಬರು. ಎಲ್ಲ ನಮ್ಮ ಕಡೆಯ ಹೆಸರು, ನಮ್ಮ ಕಡೆಯ ಊರು. ಠಾಣೆಗೆ ಬಂದವರೇ ಬಿಳಿ ಹಾಳೆ ತೆಗೆದುಕೊಂಡು ನಂಬರಿನ ಪ್ರಕಾರ ಎಲ್ಲರನ್ನೂ ಸಾಲಾಗಿ ಬರೆಯಲು ಕೂತರು. ಸಂಜೆ ಏಳಕ್ಕೆ ಹಾಳೆಗಳನ್ನು ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಹರಡಿದರು.

"ಮೇಡಂ, ಐನೂರ ಎಂಬತ್ತಾರರಲ್ಲಿ ಒಂದು ನಂಬ್ರೂ ಎರಡ್ ಸಲ ಬಂದಿಲ್ಲ. ಮನಸಿಗೆ ಬಂದಂಗೆ ಹಾಕಿದ್ರೆ ಎಲ್ಲಾದ್ರೂ ಒಂದ್ ಕಡೆ ರಿಪೀಟ್ ಆಗ್ಲೇಬೇಕು. ಆರ್ನೂರ ನಲವತ್ತರ ಮೇಲೆ ಒಂದೂ ಇಲ್ಲ."

ವಾಣಿಶ್ರೀ ಕುರ್ಚಿಯಿಂದ ಎದ್ದೇಬಿಟ್ಟರು. ಅಂದರೆ ಇದು ಎಲ್ಲೋ ಇರುವ ಪಟ್ಟಿ. ಆರುನೂರ ನಲವತ್ತು ಜನರ ಹಾಜರಿ ಪಟ್ಟಿಯೋ, ಸಂಘದ ಪಟ್ಟಿಯೋ, ಯಾವುದೋ ಒಂದು. ಈ ಜನ ನಿಜವಾಗಿ ಇದ್ದಾರೆ. ಒಬ್ಬನು ಸಿಕ್ಕರೆ ಸಾಕು.

ಜೂನ್ 18, ಬುಧವಾರ, ಬೆಳಿಗ್ಗೆ 7.50ಕ್ಕೆ ಜೀಪು ಬೆಳ್ಳಾವಿಯಲ್ಲಿತ್ತು. ಅಣ್ಣಯ್ಯಪ್ಪನವರ ಹೆಂಡತಿಯ ತವರು ಅದೇ, ಹೋಟೆಲಿನ ಮುಂದೆ ನಿಂತು ವಿಚಾರಿಸಿದರೆ ಊರೇ ಉತ್ತರ ಕೊಡುತ್ತದೆ. ಬೆಳ್ಳಾವಿಯಲ್ಲಿ ಮೂವರು ಅಪ್ಪಾಜಿಗಳು. ಮೊದಲನೆಯವರಿಗೆ ಎಂಬತ್ತು ವರ್ಷ, ಕಿವಿ ಕೇಳದು. ಎರಡನೆಯವನು ಧರ್ಮಸ್ಥಳಕ್ಕೆ ಹೋಗಿದ್ದ. ಮೂರನೆಯವನು ಸೆಕೆಂಡ್ ಶಿಫ್ಟ್ ಮುಗಿಸಿ ಬಂದು ಇನ್ನೂ ಮಲಗಿದ್ದ, ಪೊಲೀಸ್ ಅಂದದ್ದೇ ಲುಂಗಿ ಹಿಡಿದುಕೊಂಡು ಹೊರಗೆ ಬಂದ. ವಯಸ್ಸು ಇಪ್ಪತ್ತೆಂಟು. ಆ ಆ್ಯಪಿನಲ್ಲಿ ತನ್ನ ಖಾತೆಯೇ ಇಲ್ಲ ಅಂದ. ಅವನ ಫೋನಿನ ಮೆಸೇಜುಗಳನ್ನು ವಾಣಿಶ್ರೀ ಹಿಂದಕ್ಕೆ ಸರಿಸುತ್ತಾ ಹೋದರು. ಏಪ್ರಿಲ್ 9, ಬೆಳಿಗ್ಗೆ 11.22. ಖಾತೆ ತೆರೆಯಲು ನಿಮ್ಮ ಓಟಿಪಿ, ಆರು ಅಂಕಿ.

"ಇದು ಬಂದಾಗ ಎಲ್ಲಿದ್ದೆ?"

"ಬುಧವಾರ... ಫಸ್ಟ್ ಶಿಫ್ಟಲ್ಲಿದ್ದೆ, ಮೇಡಂ. ವಸಂತನರಸಾಪುರದಲ್ಲಿ."

"ಫೋನು?"

"ಒಳಗೆ ಬಿಡಲ್ಲ. ಗೇಟಲ್ಲೇ ಕೊಟ್ಟೋಗ್ಬೇಕು. ಅದಕ್ಕೇ ಅಂತ ಎಲ್ರಿಗೂ ಒಂದೊಂದು ಖಾಯಂ ಟೋಕನ್ ಕೊಟ್ಟವ್ರೆ."

"ಟೋಕನ್ ನಂಬರೆಷ್ಟು?"

ಅವನು ಒಳಗೆ ಹೋಗಿ ಗೂಟಕ್ಕೆ ನೇತು ಹಾಕಿದ್ದ ಅಂಗಿಯ ಜೇಬಿನಿಂದ ಒಂದು ಹಳದಿ ಪ್ಲಾಸ್ಟಿಕ್ ಬಿಲ್ಲೆ ತಂದು ಕೊಟ್ಟ. ಅದರ ಮೇಲೆ 417 ಅಂತಿತ್ತು.

ಅಣ್ಣಯ್ಯಪ್ಪ ಅಪ್ಪಾಜಿಯ ಬೆನ್ನಿಗೆ ಗುದ್ದಿದ ರಭಸಕ್ಕೆ ಆ ಹುಡುಗ ತನ್ನನ್ನು ಹೊಡೆಯುತ್ತಿದ್ದಾರೆ ಅಂದುಕೊಂಡ. ಎರಡು ದಿನ ಗೋಡೆಗೆ ಹಣೆ ಚಚ್ಚಿಕೊಂಡವರಿಗೆ ಬಾಗಿಲು ತೆರೆದಿತ್ತು, ಆ ಖುಷಿ ಅವರಿಗೇ ಗೊತ್ತು. ಜೀಪು ವಸಂತನರಸಾಪುರದ ದಾರಿ ಹಿಡಿಯಿತು, ಜೊತೆಗೆ ಅಪ್ಪಾಜಿಯನ್ನೂ ಹತ್ತಿಸಿಕೊಂಡರು.

ಅದೊಂದು ವಾಹನದ ಬಿಡಿಭಾಗ ಮಾಡುವ ಕಾರ್ಖಾನೆ. ಗೇಟಿನ ಪಕ್ಕದಲ್ಲೇ ಫೋನ್ ಕೌಂಟರ್, ಗೋಡೆಯ ತುಂಬ ಮರದ ಗೂಡುಗಳು, ಒಂದರಿಂದ ಆರುನೂರ ನಲವತ್ತು. ಶಿಫ್ಟಿನಲ್ಲಿದ್ದವರ ಗೂಡುಗಳಲ್ಲಿ ಒಂದೊಂದು ಫೋನು. ರಿಜಿಸ್ಟರಿನಲ್ಲಿ ಹೆಸರು, ಊರು, ಟೋಕನ್, ಮೊಬೈಲ್ ನಂಬರು. ಬೇರೆ ಫೋನಿನಲ್ಲಿ ಖಾತೆ ತೆರೆಯಲು ಈ ನಂಬರು ಹೊಡೆದರೆ ಓಟಿಪಿ ಬರುವುದು ಗೂಡಿನಲ್ಲಿರುವ ಫೋನಿಗೆ. ಫೋನು ಲಾಕ್ ಆಗಿದ್ದರೂ ಪರದೆಯ ಮೇಲೆ ಮೆಸೇಜು ಮೂಡುತ್ತದೆ. ನೋಡಿ ಬರೆದುಕೊಂಡರೆ ಆಯಿತು. ಇಷ್ಟು ಸಲೀಸು ಅಂತ ವಾಣಿಶ್ರೀಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಮ್ಯಾನೇಜರ್ ಮೊದಲು ಹೆಡ್ ಆಫೀಸನ್ನು ಕೇಳಬೇಕು ಅಂದರು. ಕೇಳಿಕೊಳ್ಳಿ, ಅಷ್ಟರಲ್ಲಿ ನಾನು ಮಹಜರು ಬರೆಯುತ್ತೇನೆ ಎಂದು ವಾಣಿಶ್ರೀ ಸಾಕ್ಷಿಗೆ ಇಬ್ಬರು ಪಂಚರನ್ನು ಕರೆಸಿಯೇಬಿಟ್ಟರು. ಊಟದ ಬಿಡುವಿಗೆ ಬಂದ ಹನ್ನೆರಡು ಮಂದಿ ಕಾರ್ಮಿಕರ ಫೋನುಗಳನ್ನು ಅವರ ಎದುರೇ ತೆಗೆಸಿ ನೋಡಿದರು. ಹನ್ನೆರಡರಲ್ಲೂ ಅಂಥದೇ ಓಟಿಪಿ. ಏಪ್ರಿಲ್ 2ರಿಂದ ಜೂನ್ 13ರವರೆಗೆ, ಎಲ್ಲವೂ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಒಂದೂವರೆಯೊಳಗೆ. ಗುರುವಾರದ್ದು ಒಂದೂ ಇಲ್ಲ.

"ಫಸ್ಟ್ ಶಿಫ್ಟಿಗೆ ಕೌಂಟರಲ್ಲಿ ಯಾರಿರ್ತಾರೆ?"

"ಒಬ್ರೇ. ಹನ್ನೊಂದು ವರ್ಷದಿಂದ ಅವರೇ."

"ವೀಕ್ಲಿ ಆಫ್?"

ಮ್ಯಾನೇಜರ್ ಪುಸ್ತಕ ತಿರುವಿ ನೋಡಿ ಗುರುವಾರ ಅಂದರು. ವಾಣಿಶ್ರೀ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು ಹೆಸರು ಓದಿದರು. ಬೀಬಿಜಾನ್, ವಯಸ್ಸು 57, ಗುಬ್ಬಿ. ಸೋಮವಾರ ಆ ಪಡಸಾಲೆಯಲ್ಲಿ ಹೂಂ ಅಂದು ದಾಟಿಬಿಟ್ಟ ಹೆಸರು. ತಮ್ಮ ಮೇಲೆಯೇ ಅವರಿಗೆ ರೇಗಿಹೋಯಿತು. ಪಕ್ಕದ ಮನೆಯವರು ಏನು ಕೆಲಸ ಮಾಡುತ್ತಾರೆ ಅಂತ ಒಂದು ಮಾತು ಕೇಳಿದ್ದರೆ ಕುಣಿಗಲ್ ಕೆರೆ ಏರಿಯ ಓಟವೇ ಬೇಕಿರಲಿಲ್ಲ.

ಬೀಬಿಜಾನ್ ಕೌಂಟರಿನ ಒಳಗೇ ನಿಂತಿದ್ದರು, ಸೆಕ್ಯುರಿಟಿಯ ನೀಲಿ ಕೋಟು, ತಲೆಯ ಮೇಲೆ ಸೆರಗು. ಪೊಲೀಸರು ಬಂದು ಗಂಟೆಗಳೇ ಆಗಿದ್ದರೂ ಅವರಿಗೆ ದಿಗಿಲಾದ ಹಾಗೆ ಕಾಣಲಿಲ್ಲ. ಮೇಜಿನ ಡ್ರಾಯರಿನಲ್ಲಿ ಒಂದು ಉದ್ದನೆಯ ನೋಟ್‌ಬುಕ್ ಸಿಕ್ಕಿತು. ಟೋಕನ್ ಪ್ರಕಾರ ಹೆಸರುಗಳು, ಆದವರಿಗೆ ಪಕ್ಕದಲ್ಲಿ ಟಿಕ್ಕು. ಟಿಕ್ಕುಗಳನ್ನು ಎಣಿಸಿದರೆ ಐನೂರ ಎಂಬತ್ತಾರು.

"ಈ ಖಾತೆಗಳನ್ನ ಮಾಡಿದ್ದು ನೀವಾ, ಅಮ್ಮ?"

"ಹೌದು."

"ಬೇರೆಯೋರ ನಂಬರಲ್ಲಿ ನಕಲಿ ಖಾತೆ ಮಾಡೋದು ತಪ್ಪು ಅಂತ ಗೊತ್ತಿತ್ತಾ?"

ಬೀಬಿಜಾನ್‌ಗೆ ಆಗ ಸಿಟ್ಟು ಬಂತು. "ನಕಲಿ ಹೆಂಗಾಗ್ತದೆ? ಇಲ್ದಿರೋರ ಹೆಸ್ರು ಒಂದಾದ್ರೂ ಹಾಕಿದೀನಾ ನೋಡಿ. ಎಲ್ರೂ ಅವ್ರೆ. ಒಳಗೆ ಕೆಲಸ ಮಾಡ್ತಾ ಅವ್ರೆ."

ಪೇಜು ಮುಚ್ಚಿದ ಸಂಗತಿ ಅವರಿಗೆ ಭಾನುವಾರವೇ ಗೊತ್ತಾಗಿತ್ತು. ಆದರೆ ಅದು ತಾವು ಸೇರಿಸಿದ ಜನರಿಂದಲೇ ಆದದ್ದು ಅಂತ ಯಾರೂ ಹೇಳಿರಲಿಲ್ಲ. ವಾಣಿಶ್ರೀ ಅದನ್ನು ಬಿಡಿಸಿ ಹೇಳಿದರು. ಬೀಬಿಜಾನ್ ಕೌಂಟರಿನ ಹಲಗೆಯನ್ನು ಹಿಡಿದುಕೊಂಡು ನಿಂತರು. ಆಮೇಲೆ, ಎಲ್ಲಿಗೆ ಬರಬೇಕು ಹೇಳಿ, ಬೇಗ ಹೋಗೋಣ, ಐದು ಗಂಟೆಯೊಳಗೆ ಆಗಬೇಕಲ್ಲ ಅಂತ ತಾವೇ ಮೊದಲು ಹೊರಗೆ ಬಂದರು. ಮಧ್ಯಾಹ್ನ 12.50ಕ್ಕೆ ದಸ್ತಗಿರಿ ಆಯಿತು. ಅವರ ಫೋನು, ನೋಟ್‌ಬುಕ್ ಜಪ್ತಿಯಾದವು. ಆ ದಿನ ಜೀಪಿನಲ್ಲಿ ಎಲ್ಲರಿಗಿಂತ ಹೆಚ್ಚು ಆತುರ ಇದ್ದದ್ದು ಆರೋಪಿಗೆ.

ಠಾಣೆಯಲ್ಲಿ ಕೆಲಸ ಗಡಿಬಿಡಿಯಿಂದ ಸಾಗಿತು. ಒಂದು ಕಡೆ ಹೇಳಿಕೆ, ಇನ್ನೊಂದು ಕಡೆ ಕಂಪನಿಗೆ ಪತ್ರ. ಕರೆಂಟು ಎರಡು ಸಲ ಹೋಯಿತು. ಎರಡನೆಯ ಸಲ ಟೈಪಾದದ್ದೆಲ್ಲ ಹಾಳಾಗಿ ಅಣ್ಣಯ್ಯಪ್ಪ ವಿದ್ಯುತ್ ಇಲಾಖೆಯ ವಂಶವನ್ನೆಲ್ಲ ನೆನೆಸಿಕೊಂಡರು. 4.31ಕ್ಕೆ ಎಫ್‌ಐಆರ್, ಮಹಜರು, ದಸ್ತಗಿರಿ ವರದಿ ಎಲ್ಲವನ್ನೂ ಸೇರಿಸಿ, ಪೇಜಿನ ಮಾಲೀಕರ ಕೈವಾಡ ಇಲ್ಲ ಎಂದು ಇನ್‌ಸ್ಪೆಕ್ಟರ್ ಸಹಿ ಮಾಡಿದ ಪತ್ರ ಹೋಯಿತು. 4.33ಕ್ಕೆ ತಲುಪಿದೆ ಅಂತ ಮರುಮೇಲ್ ಬಂತು. ಅಣ್ಣಯ್ಯಪ್ಪ ಎಲ್ಲರಿಗೂ ಟೀ ತರಿಸಿದರು, ಆರೋಪಿಗೂ ಸೇರಿಸಿ.

ಅಷ್ಟೊತ್ತಿಗೆ ಮೋನಿಕಾ ಅಜ್ಜಿಯನ್ನೂ ಕರೆದುಕೊಂಡು ಆಟೋದಲ್ಲಿ ಬಂದಳು. ಬರುವಾಗ ಅವಳ ಮುಖ ಉರಿಯುತ್ತಿತ್ತು. ಬೀಬಮ್ಮನನ್ನು ನೋಡಿದ್ದೇ, ನಮ್ಮನೆ ಅನ್ನ ಉಂಡು ಹಿಂಗ್ ಮಾಡ್ಬೋದಾ, ಅಜ್ಜಿ ಮುಖ ನೋಡಿ ಹೇಳಿ ಅಂತ ಜೋರಾಗಿ ಕೇಳಿದಳು. ಹನುಮಮ್ಮ ಮೊಮ್ಮಗಳ ಕೈ ಬಿಡಿಸಿಕೊಂಡು ಹೋಗಿ ಬೀಬಿಜಾನ್ ಪಕ್ಕದಲ್ಲಿ ಬೆಂಚಿನ ಮೇಲೆ ಕೂತರು.

ಹೇಳಿಕೆಯನ್ನು ಕೊಟ್ಟವರಿಗೆ ಓದಿ ಹೇಳಬೇಕು, ಅದು ನಿಯಮ. ವಾಣಿಶ್ರೀ ಎಲ್ಲರ ಎದುರೇ ಓದಿದರು.

ತಾನು ಗುಬ್ಬಿಯಲ್ಲಿ ಹನುಮಮ್ಮನವರ ಪಕ್ಕದ ಮನೆಯಲ್ಲಿ ಮೂವತ್ತೆಂಟು ವರ್ಷದಿಂದ ವಾಸವಾಗಿರುವುದಾಗಿಯೂ, ಮದುವೆ ಮನೆಗಳಲ್ಲಿ ಹನುಮಮ್ಮ ಪದ ಹೇಳುವಾಗ ಸೊಲ್ಲು ಹಿಡಿಯಲು ಜನ ಕಡಿಮೆಯಾದರೆ ಬೀದಿ ಬೀದಿ ಸುತ್ತಿ ಹೆಂಗಸರನ್ನು ಕರೆದುಕೊಂಡು ಬರುವುದು ತನ್ನ ಕೆಲಸವಾಗಿತ್ತೆಂದೂ, ಜನ ಕೂಡದೆ ಹನುಮಮ್ಮ ಪದ ಎತ್ತುತ್ತಿರಲಿಲ್ಲವೆಂದೂ ಹೇಳಿಕೆಯಲ್ಲಿತ್ತು. ಮುಂದೆ ಹೀಗಿತ್ತು: ಈ ವರ್ಷ ಯುಗಾದಿಯ ಹಿಂದಿನ ದಿನ ಮೋನಿಕಾ, ಸಾವಿರ ಜನ ಆಗದಿದ್ದರೆ ಈ ಪೇಜನ್ನು ಮುಚ್ಚಿಬಿಡುತ್ತೇನೆ ಎಂದು ನನ್ನೆದುರು ಹೇಳಿದಳು. ಮುಚ್ಚಿದರೆ ಹನುಮಮ್ಮನ ದನಿ ಹೋಗುತ್ತದೆಂದು ನನಗೆ ಹೆದರಿಕೆಯಾಯಿತು. ಕೆಲಸದ ಜಾಗದಲ್ಲಿ ಆರುನೂರ ನಲವತ್ತು ಜನ ಇದ್ದರು. ಒಬ್ಬೊಬ್ಬರನ್ನು ಕೇಳಲು ನಾಚಿಕೆಯಾಗಿ ನಾನೇ ಸೇರಿಸಿದೆ.

ಮೋನಿಕಾಳ ಸಿಟ್ಟು ಎಲ್ಲಿ ಹೋಯಿತೋ.

"ನಾನು ಹಂಗಂದಿದ್ನಾ?"

"ಅಂದಿದ್ದೆ ಮಗ" ಎಂದರು ಬೀಬಿಜಾನ್. "ನೀನು ಸ್ಕೂಲಿಂದ ಸುಸ್ತಾಗಿ ಬಂದಿದ್ದೆ. ಬೇಜಾರಲ್ಲಿ ಅಂದೆ."

ಮೋನಿಕಾಗೆ ಎಷ್ಟು ನೆನೆಸಿಕೊಂಡರೂ ನೆನಪಾಗಲಿಲ್ಲ. ಅಂಥ ಮಾತನ್ನು ಅವಳು ದಿನಕ್ಕೆ ನಾಲ್ಕು ಸಲ ಆಡುವವಳು. ಬಿ.ಎಡ್. ಬಿಟ್ಟುಬಿಡ್ತೀನಿ, ಕೆಲಸ ಬಿಟ್ಟುಬಿಡ್ತೀನಿ, ಪೇಜು ಮುಚ್ಚಿಬಿಡ್ತೀನಿ. ಹನುಮಮ್ಮ ಬೀಬಿಜಾನ್ ಭುಜಕ್ಕೆ ಎರಡು ಏಟು ಕೊಟ್ಟರು, ಆಮೇಲೆ ಅಲ್ಲೇ ಕೈ ಇಟ್ಟುಕೊಂಡು ಕೂತರು. ಬಾಯಿ ಇದ್ದಿದ್ದರೆ ಆ ಹೊತ್ತಿಗೆ ಏನೆಲ್ಲ ಬೈಯುತ್ತಿದ್ದರೋ.

ಕಲಂ 66(ಸಿ) ಜಾಮೀನು ಕೊಡಬಹುದಾದ ಅಪರಾಧ. ಠಾಣೆಯಲ್ಲೇ ಜಾಮೀನು ಆಯಿತು. ಜಾಮೀನುದಾರರು ಯಾರು ಅಂತ ಅಣ್ಣಯ್ಯಪ್ಪ ಕೇಳುವ ಮುಂಚೆಯೇ ಮೋನಿಕಾ ಪೆನ್ನು ಕೇಳಿ ತೆಗೆದುಕೊಂಡಿದ್ದಳು. ಆರೋಪಿಗೆ ಫಿರ್ಯಾದಿಯೇ ಜಾಮೀನು ನಿಂತದ್ದನ್ನು ತಮ್ಮ ಸರ್ವೀಸಿನಲ್ಲೇ ನೋಡಿಲ್ಲ ಅಂದರು ಅಣ್ಣಯ್ಯಪ್ಪ. ಕಾನೂನಿನಲ್ಲಿ ಬೇಡ ಅಂತ ಎಲ್ಲೂ ಬರೆದಿಲ್ಲ ಅಂದರು ವಾಣಿಶ್ರೀ. ಕೇಸು ಹಿಂದಕ್ಕೆ ತೆಗೆದುಕೊಳ್ಳಬಹುದಾ ಅಂತ ಮೋನಿಕಾ ಕೇಳಿದಳು. ಅದು ಕೋರ್ಟಿನಲ್ಲಿ ಆಗಬೇಕಾದ ಮಾತು, ಫೋನು ಆ ಕಾರ್ಮಿಕರದು, ಅವರನ್ನೂ ಕೇಳಬೇಕು ಎಂದು ಇನ್‌ಸ್ಪೆಕ್ಟರ್ ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಜೂನ್ 19, ಗುರುವಾರ, ಬೆಳಿಗ್ಗೆ 11.10ಕ್ಕೆ ಪೇಜು ತೆರೆಯಿತು. ಮೋನಿಕಾ ಠಾಣೆಗೆ ಫೋನ್ ಮಾಡಿ ಅಳುತ್ತಾ ನಗುತ್ತಾ ಹೇಳಿದಳು, ನೂರ ನಲವತ್ತೆರಡು ಪದಗಳೂ ಇವೆ, ಒಂದೂ ಹೋಗಿಲ್ಲ. ವಾಣಿಶ್ರೀ ಫೋನನ್ನು ಸ್ಪೀಕರಿಗೆ ಹಾಕಿದರು, ಠಾಣೆಯವರೆಲ್ಲ ನಿಂತು ಒಂದು ಪದ ಕೇಳಿದರು. ನಕಲಿಗಳನ್ನೆಲ್ಲ ಕಂಪನಿಯವರು ತೆಗೆದುಹಾಕಿದ್ದರು.

ಆದರೆ ಫಾಲೋವರ್ಸ್ ಮುನ್ನೂರ ಎಂಬತ್ತೇಳು ಅಂತ ತೋರಿಸುತ್ತಿತ್ತು. ಮೊದಲಿದ್ದದ್ದಕ್ಕಿಂತ ಒಂದು ಕಡಿಮೆ. ಯಾರು ಬಿಟ್ಟು ಹೋದರು ಅಂತ ಮೋನಿಕಾ ಪಟ್ಟಿಯನ್ನು ಮೇಲಿನಿಂದ ಕೆಳಗೆ ಎರಡು ಸಲ ನೋಡಿದಳು. ಬೀಬಿಜಾನ್ ಫೋನಿನಿಂದ ತೆರೆದ ಖಾತೆಗಳನ್ನೆಲ್ಲ ಕಂಪನಿ ಅಳಿಸಿತ್ತು. ಆ ಫೋನಿನಲ್ಲಿ ಅವರ ಸ್ವಂತ ಹೆಸರಿನದೂ ಒಂದಿತ್ತು, ಪೇಜು ಶುರುವಾದ ದಿನದಿಂದ ಪ್ರತಿ ಪದವನ್ನೂ ಕೇಳಿ ಪ್ರತಿ ಪದಕ್ಕೂ ಲೈಕ್ ಒತ್ತಿದ್ದು ಅದೊಂದೇ. ಬೀಬಮ್ಮನ ಫೋನು ಇನ್ನೂ ಠಾಣೆಯಲ್ಲಿತ್ತು, ಮೋನಿಕಾ ತನ್ನ ಫೋನನ್ನು ತೆಗೆದುಕೊಂಡು ಪದ ಕೇಳಿಸಲು ಪಕ್ಕದ ಮನೆಗೆ ಹೋದಳು.